ಧೂಳು ನೋಡುವ ಮಾವ

ನನ್ನ ಸೋದರಮಾವ ಯಾವ ಅಂಗಡಿಗೆ ಹೋದರೂ ಮೊದಲು ನೋಡುತ್ತಿದ್ದದ್ದು ಸಾಮಾನಿನ ನೆತ್ತಿಯ ಮೇಲಿನ ಧೂಳನ್ನು. ಬಲಗೈಯ ತೋರುಬೆರಳನ್ನು ಡಬ್ಬಿಯ ಮೇಲಂಚಿನ ಉದ್ದಕ್ಕೂ, ಮಲಗಿದ ಮಗುವಿನ ಹುಬ್ಬು ತೀಡುವಷ್ಟು ಮೆಲ್ಲಗೆ ಎಳೆದು, ಬೆಳಕಿಗೆ ಹಿಡಿದು, ಒಂದೋ "ಹೂಂ" ಅನ್ನುತ್ತಿದ್ದ, ಇಲ್ಲವೇ ಏನೂ ಅನ್ನುತ್ತಿರಲಿಲ್ಲ. ಏನೂ ಅನ್ನದಿದ್ದರೆ ಆ ಸಾಮಾನಿನ ಕಥೆ ಮುಗಿಯಿತೆಂದೇ ಅರ್ಥ.

ಔಷಧಿ ಗೋದಾಮಿನಲ್ಲಿ ಕೂದಲು ಬೆಳ್ಳಗಾಗುವವರೆಗೆ ದುಡಿದವನು. ರ‍್ಯಾಕುಗಳ ಇಕ್ಕಟ್ಟಿನಲ್ಲಿ ಓಡಾಡಿ ಓಡಾಡಿ, ಅಗಲವಾದ ರಸ್ತೆಯಲ್ಲೂ ಒಂದು ಭುಜ ಮುಂದೆ ಮಾಡಿ ಓರೆಯಾಗಿ ನಡೆಯುತ್ತಿದ್ದ. ಗೋದಾಮಿನವರು ಕೊಟ್ಟ ಬೂದುಬಣ್ಣದ ಕೋಟು ನಿವೃತ್ತಿಯ ನಂತರವೂ ಮೈಯಿಂದ ಇಳಿಯಲಿಲ್ಲ. "ಒಂದಿನ ಒಗೆಯೋಕಾದ್ರೂ ಕೊಡೋ, ಇಲ್ದಿದ್ರೆ ಅದೇ ಎದ್ದು ನಡ್ಕೊಂಡು ಬಂದೀತು" ಎಂದು ಅಮ್ಮ ಛೇಡಿಸುತ್ತಿದ್ದಳು.

ಬಿಡುವಾದ ಮೇಲೆ ಮಾವ ವಿಡಿಯೋ ಗೇಮ್ ಮಾಡುವ ಒಂದು ಕಂಪನಿಯ ಷೇರು ಕೊಂಡ. ಅವನ ಮಾತು ನಂಬಿ ಅಮ್ಮನೂ ಕೊಂಡಳು. ಅಪ್ಪ ಹೋದ ಮೇಲೆ ಹೊಲಿಗೆ ಮಿಷನ್ನಿನ ಮುಂದೆ ಕೂತು ಕೂಡಿಸಿದ್ದೆಲ್ಲ ಅದಕ್ಕೇ ಹೋಯಿತು. ಕಂಪನಿಯ ಹೊಸ ಆಟ ಹೇಗೆ ಖರ್ಚಾಗುತ್ತಿದೆ ಎಂದು ತಿಳಿಯಲು ಮಾವ ದಿನವೂ ಪೇಟೆಯ ಗೇಮ್ ಅಂಗಡಿಗೆ ಹೋಗುತ್ತಿದ್ದ. ಅವನಂಥ ಸಣ್ಣ ಹೂಡಿಕೆದಾರರದ್ದೊಂದು ಗುಂಪು ಫೋನಿನಲ್ಲಿತ್ತು; ಒಂದೇ ಊರಿನವರಾದರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ. ಅವರಿಗೆಲ್ಲ ಮಾವನೇ ಧೂಳಿನ ವಿದ್ಯೆ ಹೇಳಿಕೊಟ್ಟಿದ್ದ: ಧೂಳು ಕೂತಿದ್ದರೆ ಸರಕು ನಿಂತಿದೆ, ಧೂಳಿಲ್ಲದಿದ್ದರೆ ಹಳೆಯದು ಹೋಗಿ ಹೊಸದು ಬರುತ್ತಿದೆ. ಸಂಜೆಯಾದರೆ ಒಂದೊಂದೇ ಸಂದೇಶ ಬರುತ್ತಿತ್ತು. "ಧೂಳಿಲ್ಲ." "ನಾನು ನೋಡಿದಲ್ಲೂ ಇಲ್ಲ." ಯಾವ ಅಂಗಡಿ ಎಂದು ಯಾರೂ ಕೇಳುತ್ತಿರಲಿಲ್ಲ.

"ಮಾವ, ಒಂದು ಸಲವಾದ್ರೂ ನೀನು ಆ ಆಟ ಆಡಿದ್ದೀಯಾ?" ಎಂದು ಕೇಳಿದ್ದೆ.

"ಗೋದಾಮಿನಲ್ಲಿದ್ದಾಗ ಮಾತ್ರೆ ಎಲ್ಲಾ ನುಂಗಿ ನೋಡ್ತಿದ್ನೇನೇ?"

ಕಂಪನಿ ತನ್ನ ಮಾರಾಟದ ಲೆಕ್ಕ ಪ್ರಕಟಿಸುವ ಹಿಂದಿನ ದಿನ, ಷೇರು ಇಟ್ಟುಕೊಳ್ಳಲೋ ಮಾರಲೋ ಎಂದು ಅಮ್ಮ ಕೇಳಿದಳು. "ಕೊನೇ ಸಲ ನೋಡ್ಕೊಂಡು ಬಂದು ಹೇಳ್ತೀನಿ ಅಕ್ಕ" ಎಂದು ಹೊರಟವನ ಜೊತೆ ನಾನೂ ಹೋದೆ.

ಅಂಗಡಿ ತಣ್ಣಗಿತ್ತು. ಬಾಗಿಲ ಬಳಿಯ ದೊಡ್ಡ ಪರದೆಯಲ್ಲಿ ಆ ಆಟ ತೆರೆದೇ ಇತ್ತು: ಕಾಡಿನ ಅಂಚಿನಲ್ಲಿ ಕಂದೀಲು ಹಿಡಿದು ನಿಂತ ಹುಡುಗಿ. ಆಡಿಸುವ ಕೈಯಿಲ್ಲದೆ ಅವಳು ಸುಮ್ಮನೆ ಉಸಿರಾಡುತ್ತಿದ್ದಳು. ಆಗೊಮ್ಮೆ ಈಗೊಮ್ಮೆ, ಯಾರಾದರೂ ಬಂದರೇನೋ ಎಂಬಂತೆ, ನಮ್ಮ ಕಡೆ ತಿರುಗುತ್ತಿದ್ದಳು. ಒಳಗೆ ಕಪಾಟಿನ ಮುಂದೆ ಜನರಿದ್ದರು. ಒಬ್ಬರೂ ಮಾತಾಡುತ್ತಿರಲಿಲ್ಲ.

ಮಾವ ಆ ಆಟದ ಡಬ್ಬಿಯ ಮೇಲೆ ಬೆರಳು ಎಳೆದು ಬೆಳಕಿಗೆ ಹಿಡಿದ. ಸ್ವಚ್ಛವಾಗಿತ್ತು. "ಹೂಂ" ಎಂದ. ಪಕ್ಕದಿಂದ ಇನ್ನೊಂದು "ಹೂಂ" ಬಂತು. ಕನ್ನಡಕದ ಹೆಂಗಸೊಬ್ಬಳು ತನ್ನ ಬೆರಳನ್ನು ದೀಪದತ್ತ ಎತ್ತಿದ್ದಳು. ಅವಳಾಚೆ ಒಬ್ಬ ಮುದುಕ, ಅವನಾಚೆ ಚೀಲ ತಗುಲಿಸಿಕೊಂಡ ಗುಮಾಸ್ತ. ಎಲ್ಲರ ಬೆರಳುಗಳೂ ಡಬ್ಬಿಗಳ ಮೇಲಂಚಿನಲ್ಲಿ ಒಂದೇ ನಿಧಾನದಲ್ಲಿ ಸರಿಯುತ್ತಿದ್ದವು.

ಗಲ್ಲಾದ ಹುಡುಗಿ ನನ್ನತ್ತ ಬಾಗಿದಳು. "ನೀವೂ ಮುಟ್ಟೋಕೆ ಬಂದ್ರಾ?"

"ಇವರು ಯಾರೂ ಕೊಳ್ಳೋದಿಲ್ವಾ?"

"ಎಲ್ಲಿ! ದಿನಾ ಬರ್ತಾರೆ, ಮುಟ್ತಾರೆ, ಹೋಗ್ತಾರೆ. ಮೊದಲ ದಿನ ಜೋಡಿಸಿದ ಡಬ್ಬಿಗಳೇ ಇವು. ನನಗೆ ಒರೆಸೋ ಕೆಲಸ ತಪ್ಪಿತು, ಅಷ್ಟೇ."

ಮಾವನಿಗೆ ಕೇಳಿಸಿತು. ಎತ್ತಿದ ಬೆರಳು ಎತ್ತಿದಂತೆಯೇ ಇತ್ತು. ಸಾಲಿನಲ್ಲಿ ನಿಂತವರ ಮುಖಗಳನ್ನು ಅವನು ಒಂದೊಂದಾಗಿ ನೋಡಿದ. ಅವರು ಯಾರೂ ಅವನತ್ತ ನೋಡಲಿಲ್ಲ.

ಹೊರಬಂದು, ಫುಟ್‌ಪಾತಿನಲ್ಲೇ ನಿಂತು, ಗುಂಪಿಗೆ ಬರೆದ: "ಧೂಳು ಒರೆಸುತ್ತಿರುವವರು ನಾವೇ. ಯಾರೂ ಕೊಳ್ಳುತ್ತಿಲ್ಲ." ತಡವಾಗದೆ ಉತ್ತರ ಬಂತು: "ಅಂದ್ರೆ ನಿಮ್ಮಲ್ಲೂ ಧೂಳಿಲ್ಲ ಅನ್ನಿ! ಶುಭ ಸೂಚನೆ." ಅದರ ಕೆಳಗೆ ಸಾಲಾಗಿ ಎತ್ತಿದ ಹೆಬ್ಬೆರಳುಗಳು. ಮಾವ ಮತ್ತೆ ಬರೆದ. ಮತ್ತೆ ಹೆಬ್ಬೆರಳುಗಳು.

ಮನೆಗೆ ಬಂದವನೇ, "ಅಕ್ಕ, ಮಾರಿಬಿಡು, ಈಗಲೇ" ಎಂದ.

"ಧೂಳಿತ್ತೇನೋ?"

"ಇರ್ಲಿಲ್ಲ. ಅದಕ್ಕೇ ಮಾರು."

ಅವನೇ ಫೋನ್ ತೆಗೆದುಕೊಂಡು ಅಮ್ಮನದನ್ನೂ ತನ್ನದನ್ನೂ ಮಾರಾಟಕ್ಕೆ ಹಾಕಿದ. ಕೈ ತೆಗೆಯುವಷ್ಟರಲ್ಲಿ ಎಲ್ಲವೂ ಹೋಗಿಬಿಟ್ಟಿತ್ತು. ಅಮ್ಮ ಬೆಚ್ಚಿದಳು. "ಇಷ್ಟು ಬೇಗ ಯಾರು ಕೊಂಡ್ರೋ?"

ಮಾವ ಫೋನನ್ನು ಬೋರಲಾಗಿ ಇಟ್ಟ. "ನಾನು ಪಾಠ ಹೇಳಿಕೊಟ್ಟವರು ಯಾರೋ" ಎಂದ.

ಮರುದಿನ ಲೆಕ್ಕ ಹೊರಬಂತು, ಷೇರು ನೆಲಕಚ್ಚಿತು. ಅಮ್ಮ ನೆಮ್ಮದಿಯ ಉಸಿರುಬಿಟ್ಟು ಮಿಷನ್ನಿನ ಮುಂದೆ ಕೂತಳು. ಮಾವ ಊಟ ಮಾಡಲಿಲ್ಲ.

ಇಂಥವರನ್ನು ದುರಾಸೆಯವರೆಂದು ಜನ ಸುಲಭವಾಗಿ ಅಂದುಬಿಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ತಾವೆಂದೂ ಕಾಣದ ಯಾವುದೋ ಮನೆಯಲ್ಲಿ ಮಂದಿ ನಗುತ್ತ ಆಡುತ್ತಿದ್ದಾರೆ ಎಂಬ ನಂಬಿಕೆಯ ಮೇಲೆ ತಮ್ಮ ನಾಳೆಯನ್ನು ಇಟ್ಟವರು ಇವರು. ಆ ಮನೆಯ ಗೋಡೆಗೆ ಕಿವಿಯಿಟ್ಟು, ಪಕ್ಕದಲ್ಲಿ ನಿಂತವರ ಉಸಿರನ್ನೇ ಒಳಗಿನವರ ಮಾತೆಂದು ಆಲಿಸುತ್ತಾರೆ. ಬಾಗಿಲು ತಟ್ಟುವವರು ಅವರಲ್ಲಿ ಅಪರೂಪ. ಒಬ್ಬ ತಟ್ಟಿ ನೋಡಿ ಬಂದು, ಒಳಗೆ ಯಾರೂ ಇಲ್ಲ ಎಂದರೆ ಉಳಿದವರು ಚದುರುವುದಿಲ್ಲ. ಅವನು ಬಿಟ್ಟುಹೋದ ಜಾಗವನ್ನು ತುಂಬಿ, ಇನ್ನಷ್ಟು ಒತ್ತಾಗಿ ನಿಲ್ಲುತ್ತಾರೆ.