ಪಾಲೆಯಲ್ಲದ ಮರ

ಕಡಲ ನೀರಿನ ಬಣ್ಣ ನೋಡಿಯೇ ಕೆಳಗೆ ಇರುವುದು ಬಂಗುಡೆಯೋ ಬೂತಾಯಿಯೋ ಎಂದು ಹೇಳಬಲ್ಲ ಬೋಳೂರಿನ ಮೀನುಗಾರ ಯಾದವನಿಗೆ ನೆಲದ ಮೇಲಿನ ಮರಗಳಲ್ಲಿ ಗೊತ್ತಿದ್ದದ್ದು ಎರಡೇ ಜಾತಿ: ತೆಂಗು, ಮತ್ತು ತೆಂಗಲ್ಲದ್ದು. ತಂಗಿ ದೀಕ್ಷಿತಾ ಹೀಗೆಂದು ಅವನನ್ನು ಎಷ್ಟೋ ಸಲ ತಮಾಷೆ ಮಾಡಿದ್ದಳು, ಅವನೂ ನಕ್ಕಿದ್ದ. ಈಗ ಅವಳು ಆ ತಮಾಷೆ ಮಾಡುವುದಿಲ್ಲ.

ಆ ಮನೆಯಲ್ಲಿ ಓದಿ ಮೇಲೆ ಬಂದವಳು ದೀಕ್ಷಿತಾ ಒಬ್ಬಳೇ. ಸುರತ್ಕಲ್‌ನ ಒಂದು ಲ್ಯಾಬಿನಲ್ಲಿ ಅವಳ ಸಂಶೋಧನೆ. ಓಟಗಾರರ, ಕುಸ್ತಿಯವರ ಮೂತ್ರದಲ್ಲಿ ನಿಷೇಧಿತ ಮದ್ದು ಸಿಕ್ಕಿತು ಎನ್ನಿ. ಅದು ಗೆಲ್ಲಬೇಕೆಂದು ಕದ್ದು ನುಂಗಿದ ಗುಳಿಗೆಯದ್ದೋ, ಅಲ್ಲ ಗೊತ್ತಿಲ್ಲದೆ ಕುಡಿದ ಯಾವುದೋ ಬೇರು ತೊಗಟೆಯದ್ದೋ ಎಂದು ಬೇರ್ಪಡಿಸಿ ಹೇಳುವ ದಾರಿಯನ್ನು ಅವಳು ಹುಡುಕುತ್ತಿದ್ದಳು. ಕಳ್ಳರನ್ನು ಹಿಡಿಯಲಿಕ್ಕೆ ಬೇಕಾದಷ್ಟು ಜನ ಇದ್ದಾರೆ, ಕಳ್ಳರಲ್ಲದವರನ್ನು ಬಿಡಿಸಲಿಕ್ಕೆ ಯಾರಿದ್ದಾರೆ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದಳು. ಮಾತೇನೋ ಚಂದವೇ. ದೇವರು ಅದನ್ನು ಕೇಳಿಸಿಕೊಂಡಿರಬೇಕು, ಪರೀಕ್ಷೆಗೆ ಅವಳ ಮನೆಯನ್ನೇ ಆರಿಸಿಕೊಂಡ.

ಯಾದವನ ಒಬ್ಬಳೇ ಮಗಳು ಮೋಕ್ಷಾ ನಾನೂರು ಮೀಟರ್ ಓಟಗಾರ್ತಿ. ಬಲ್ಮಠದ ಕಾಲೇಜಿನಲ್ಲಿ ಓದು, ಮಂಗಳಾ ಸ್ಟೇಡಿಯಂನಲ್ಲಿ ಓಟ. ತಾಯಿ ಹರಿಣಾಕ್ಷಿ ಬೋಟುಗಳು ಬಂದು ನಿಲ್ಲುವ ದಕ್ಕೆಯಲ್ಲಿ ಏಲಂ ಹಿಡಿದು ಮೀನು ಮಾರುವವಳು, ಬಾಯಿ ಜೋರು, ಎದೆ ಮೆತ್ತಗೆ. ಮಗಳು ಓಡುವಾಗ ಗ್ಯಾಲರಿಯಲ್ಲಿ ಕಣ್ಣು ಮುಚ್ಚಿ ಕುಳಿತು, ಗದ್ದಲ ನಿಂತ ಮೇಲೆ, ಬಿದ್ದಳಾ ಎಂದು ಪಕ್ಕದವರನ್ನು ಕೇಳುತ್ತಿದ್ದಳು. ಬಿದ್ದದ್ದಲ್ಲ ಮಾರಾಯ್ತಿ, ಗೆದ್ದದ್ದು ಎಂದರೆ ಆಗ ಕಣ್ಣು ಬಿಟ್ಟು ಅಳುತ್ತಿದ್ದಳು.

ತುಳುವರ ಮನೆಗಳಲ್ಲಿ ಆಟಿ ಎನ್ನುವ ಮಳೆಯ ತಿಂಗಳಿನ ಅಮಾವಾಸ್ಯೆಯ ದಿನ ಬರಿ ಹೊಟ್ಟೆಗೆ ಪಾಲೆ ಮರದ ತೊಗಟೆಯ ಕಷಾಯ ಕುಡಿಯಬೇಕು. ಕುಡಿದರೆ ವರ್ಷವಿಡೀ ಕಾಯಿಲೆ ಹತ್ತಿರ ಸುಳಿಯುವುದಿಲ್ಲ. ಆದರೆ ಮರಕ್ಕೆ ಕಬ್ಬಿಣ ಮುಟ್ಟಿಸಬಾರದು; ಸೂರ್ಯ ಹುಟ್ಟುವ ಮೊದಲೇ ಹೋಗಿ ಕಲ್ಲಿನಿಂದ ಜಜ್ಜಿ ತೊಗಟೆ ಎಬ್ಬಿಸಿ ತರಬೇಕು. ಇವರ ಕೇರಿಗೆಲ್ಲ ಅದನ್ನು ತರುತ್ತಿದ್ದವನು ನೆರೆಯ ಧನರಾಜ. ಆ ವರ್ಷ ಅವನಿಗೆ ಮೊಣಕಾಲಿನ ಆಪರೇಶನ್. ಮಳೆಗಾಲದ ಮೀನುಗಾರಿಕೆ ನಿಷೇಧದಿಂದ ಬೋಟುಗಳೆಲ್ಲ ದಡದಲ್ಲಿದ್ದವು, ಯಾದವನಿಗೆ ಮಾಡಲಿಕ್ಕೆ ಕೆಲಸವಿರಲಿಲ್ಲ. ಕೆಲಸವಿಲ್ಲದ ಗಂಡಸಿಗೆ ಹುಮ್ಮಸ್ಸು ಜಾಸ್ತಿ. ತನ್ನ ಮನೆಗೆ ತಾನೇ ತರುತ್ತೇನೆ ಎಂದು ಮಳೆಯಲ್ಲಿ ಬೈಕ್ ಹತ್ತಿ, ನಂತೂರು ದಾಟಿ, ಯಾವುದೋ ಗುಡ್ಡೆಯಿಂದ ತಂದ.

ಅಂದೇ ಬೆಳಿಗ್ಗೆ ಮಂಗಳಾ ಸ್ಟೇಡಿಯಂನಲ್ಲಿ ಮೋಕ್ಷಾಳಿಗೆ ರಾಜ್ಯ ಕೂಟದ ಫೈನಲ್. ಅವಳು ಎರಡು ಗುಟುಕು ಕುಡಿದು, ಕಹಿಗೆ ಮುಖ ಕಿವುಚಿ, ಗ್ಲಾಸನ್ನು ತಾಯಿಯ ಕೈಗಿಟ್ಟು ಓಡಿದಳು. ಯಾದವ ಕುಡಿದವನೇ ತೆಂಗಿನ ಬುಡಕ್ಕೆ ಹೋಗಿ ಎಲ್ಲ ಕಕ್ಕಿದ. ಉಷ್ಣ ಎಂದು ತನಗೆ ತಾನೇ ಹೇಳಿಕೊಂಡು ಮೆಂತೆ ಗಂಜಿ ಉಂಡ. ಮದ್ದು ಚೆಲ್ಲಬಾರದು ಎಂದು ಹರಿಣಾಕ್ಷಿ ತನ್ನದನ್ನೂ ಕುಡಿದಳು, ಮಗಳದ್ದನ್ನೂ ಕುಡಿದಳು.

ಮೋಕ್ಷಾಳಿಗೆ ದವಡೆ ಸ್ವಲ್ಪ ಬಿಗಿದಂತೆ ಆಯಿತು, ಹೆದರಿಕೆಗೆ ಎಂದುಕೊಂಡಳು. ಓಡಿದಳು, ಗೆದ್ದಳು. ಗೆದ್ದವರ ಮೂತ್ರ ಪರೀಕ್ಷೆಗೆ ಕೊಡಬೇಕು, ಕೊಟ್ಟು ಹೊರಗೆ ಬಂದಾಗ ಫೋನ್ ಬಂತು. ಅಮ್ಮ ಸ್ಟೇಡಿಯಂಗೆ ಹೊರಡುವ ಮೊದಲೇ ಅಡುಗೆಮನೆಯಲ್ಲಿ ಬಿದ್ದಿದ್ದಳಂತೆ. ಕೈಕಾಲು ಸೆಟೆದುಕೊಂಡು, ಉಸಿರು ಸಿಕ್ಕದೆ, ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ವರ್ಷಗಳಿಂದ ಬಿ.ಪಿ. ಇದ್ದ ಹೆಂಗಸು, ಹೃದಯ ನಿಂತಿತು ಎಂದರು, ಮನೆಯವರು ನಂಬಿದರು. ದೀಕ್ಷಿತಾಳೂ ನಂಬಿದಳು.

ಉತ್ತರಕ್ರಿಯೆಯ ಬೊಜ್ಜದ ಊಟಕ್ಕೆ ಬಂದವರಿಗೆಲ್ಲ ಯಾದವ ಒಂದೇ ಮಾತು ಹೇಳುತ್ತಿದ್ದ. ಜನ್ಮದಲ್ಲಿ ತನ್ನ ಮಾತು ಕೇಳದವಳು ಅವತ್ತು ಮಾತ್ರ ತಾನು ಕೈಯಾರೆ ತಂದ ಕಷಾಯವನ್ನು ತಳ ಕಾಣುವಷ್ಟು ಕುಡಿದು ಹೋದಳು, ತನಗೆ ಅಷ್ಟೇ ಸಮಾಧಾನ ಎಂದು. ಹೇಳುವಾಗ ಆ ಕೈಯನ್ನೇ ನೋಡಿಕೊಳ್ಳುತ್ತಿದ್ದ. ಕೇಳುತ್ತ ಕುಳಿತವರು ಕಣ್ಣೊರೆಸಿಕೊಳ್ಳುತ್ತಿದ್ದರು.

ಆಮೇಲೆ ಪರೀಕ್ಷೆಯ ಫಲಿತಾಂಶ ಬಂತು. ಮೋಕ್ಷಾಳ ಮೂತ್ರದಲ್ಲಿ ನಿಷೇಧಿತ ಮದ್ದು, ಸ್ಟ್ರಿಕ್ನಿನ್. ಯಾದವನಿಗೆ ಆ ಹೆಸರು ಬಾಯಲ್ಲಿ ಹೊರಳಲಿಲ್ಲ. ದೀಕ್ಷಿತಾಳಿಗೆ ಮಾತ್ರ ಹೆಸರು ಕೇಳಿದ ಕೂಡಲೇ ಮರ ನೆನಪಾಯಿತು. ಅದು ಕಾಸರಕನ ಮರದ ವಿಷ. ಕಾಸರಕನ ತೊಗಟೆಯೂ ಪಾಲೆಯ ತೊಗಟೆಯೂ ನೋಡಲಿಕ್ಕೆ ಹೆಚ್ಚುಕಡಿಮೆ ಒಂದೇ. ಜಜ್ಜಿದರೆ ಪಾಲೆ ಬಿಳಿ ಹಾಲು ಸುರಿಸುತ್ತದೆ, ಕಾಸರಕ ಸುರಿಸುವುದಿಲ್ಲ. ಆದರೆ ಆ ಮಳೆಯಲ್ಲಿ, ಬೆಳಕು ಹರಿಯುವ ಮೊದಲು, ಹಾಲು ಯಾವುದು ನೀರು ಯಾವುದು? ಬಲ್ಲವರೇ ಎಡವುವ ಜಾಗಕ್ಕೆ ಹೋದದ್ದು ತೆಂಗು ಬಿಟ್ಟು ಬೇರೆ ಮರ ತಿಳಿಯದ ಅಣ್ಣ.

ಮಿಕ್ಕಿದ ತೊಗಟೆ ಉಂಟಾ ಎಂದು ಅಣ್ಣನನ್ನು ಕೇಳಿದಳು. ಜ್ವರಕ್ಕಾದೀತು ಎಂದು ಪೇಪರಿನಲ್ಲಿ ಸುತ್ತಿ ಒಲೆಯ ಮೇಲಿನ ಅಟ್ಟದಲ್ಲಿಟ್ಟಿದ್ದ. ಒಳ್ಳೆ ಮದ್ದು, ಎಲ್ಲ ತೆಗೆದುಕೊಂಡು ಹೋಗು ಎಂದು ಸಂತೋಷದಿಂದಲೇ ಕೊಟ್ಟ. ಅವಳು ಒಂದು ಚೂರೂ ಬಿಡದೆ ತಂದಳು. ಮರ ಎಲ್ಲಿ ಎಂದು ಹುಡುಕಿಕೊಂಡೂ ಹೋದಳು. ಹೆದ್ದಾರಿಯ ಕೆಲಸಕ್ಕೆ ಆ ಗುಡ್ಡೆಯನ್ನೇ ಅಗೆದು ಹಾಕಿದ್ದರು, ಮರ ಇರಲಿಲ್ಲ.

ಲ್ಯಾಬಿನಲ್ಲಿ ಬೇರೆ ಯಾರನ್ನೂ ಹತ್ತಿರ ಸೇರಿಸದೆ ತಾನೇ ಪರೀಕ್ಷೆ ಮಾಡಿದಳು. ಸ್ಟ್ರಿಕ್ನಿನ್ ಇತ್ತು, ಅದರ ಜೊತೆಗೆ ಬ್ರೂಸಿನ್ ಇತ್ತು. ಅಂಗಡಿಯ ಗುಳಿಗೆಯಲ್ಲಿ ಎರಡೂ ಜೊತೆಗೆ ಬರುವುದಿಲ್ಲ, ಮರದಲ್ಲಿ ಮಾತ್ರ ಬರುತ್ತವೆ. ಮೋಕ್ಷಾಳ ಮೂತ್ರದಲ್ಲೂ ಈ ಜೋಡಿಯನ್ನು ತೋರಿಸಿಕೊಟ್ಟರೆ ಹುಡುಗಿಯದ್ದು ತಪ್ಪಿಲ್ಲ ಎಂದು ಯಾರಾದರೂ ಒಪ್ಪಲೇಬೇಕು. ಇಷ್ಟು ವರ್ಷ ಅವಳು ಹುಡುಕಿದ್ದು ಇದನ್ನೇ. ಸಿಕ್ಕಿದ ದಿನ ಅವಳು ಮೇಜಿಗೆ ತಲೆಯಿಟ್ಟು ಅತ್ತಳು. ಎರಡು ಗುಟುಕು ಕುಡಿದವಳನ್ನು ಬಿಡಿಸಬೇಕಾದರೆ ಎರಡು ಗ್ಲಾಸು ಕುಡಿದವಳು ಹೇಗೆ ಸತ್ತಳು ಎಂದೂ ಹೇಳಬೇಕಲ್ಲ.

ಮೋಕ್ಷಾಳನ್ನು ಬಲ್ಮಠದಲ್ಲಿ ಕಾಲೇಜಿನ ಹತ್ತಿರದ ಹೋಟೆಲಿಗೆ ಕರೆದು ಎಲ್ಲ ಹೇಳಿದಳು. ಮೊದಲು ಒಳ್ಳೆಯದನ್ನೇ ಹೇಳಿದಳು: ತೊಗಟೆ ಉಂಟು, ಸಾಕ್ಷಿ ಉಂಟು, ವಿಚಾರಣೆಯಲ್ಲಿ ಎಚ್ಚರಿಕೆ ಕೊಟ್ಟು ಬಿಡುತ್ತಾರೆ, ತಂದದ್ದು ತಾನೇ ಎಂದು ಪಪ್ಪ ಬಂದು ಹೇಳಿದರೆ ಸಾಕು. ಮುಂದಿನದನ್ನು ಹೇಗೆ ಹೇಳುವುದೆಂದು ಅವಳು ತಡವರಿಸುತ್ತಿರುವಾಗಲೇ ಹುಡುಗಿಗೆ ಗೊತ್ತಾಗಿತ್ತು.

"ಮಾಮಿ, ಹಾಗಾದ್ರೆ ಅಮ್ಮ ಹೋದದ್ದು ಅದರಿಂದಲಾ?"

ದೀಕ್ಷಿತಾ ಹೌದೆಂದು ತಲೆಯಾಡಿಸಿದಳು.

"ನನ್ನ ಗ್ಲಾಸಿಂದು ಸಹ ಅಮ್ಮನೇ ಕುಡಿದದ್ದು."

ಮೋಕ್ಷಾ ಎದುರಿಗಿದ್ದ ಚಾ ಗ್ಲಾಸನ್ನು ಆಚೆ ತಳ್ಳಿದಳು. ಆಮೇಲೆ ಹೇಳಿದಳು: "ಪಪ್ಪನಿಗೆ ಗೊತ್ತಾಗ್ಬಾರ್ದು ಮಾಮಿ. ನಾನೇ ತಗೊಂಡದ್ದು ಅಂತ ಒಪ್ಪಿಕೊಳ್ತೇನೆ."

ದೀಕ್ಷಿತಾ ಬೈದಳು, ಬೇಡಿಕೊಂಡಳು. ಎರಡು ವರ್ಷದ ನಿಷೇಧ ಎಂದರೆ ಓಟಗಾರ್ತಿಗೆ ಅರ್ಧ ಆಯುಷ್ಯ. ಮೇಲೆ ಕಳ್ಳಿ ಎಂಬ ಹೆಸರು, ಅದು ತೊಳೆದರೆ ಹೋಗುವಂಥದ್ದಲ್ಲ. ಸತ್ಯ ಕೈಯಲ್ಲಿಟ್ಟುಕೊಂಡು ಯಾರಾದರೂ ಸುಳ್ಳು ಒಪ್ಪಿಕೊಳ್ಳುತ್ತಾರಾ ಎಂದು ಕೇಳಿದಳು.

"ಓಡದಿದ್ರೆ ನಾನು ಸಾಯುವುದಿಲ್ಲ," ಎಂದಳು ಮೋಕ್ಷಾ. "ಇದನ್ನು ಕೇಳಿದ್ರೆ ಪಪ್ಪ ಉಳಿಯುವುದಿಲ್ಲ. ನೀವೇ ಹೇಳಿ, ಉಳೀತಾರಾ?"

ಆ ಕೈಯನ್ನೇ ನೋಡಿಕೊಳ್ಳುತ್ತ ಕುಳಿತಿರುವ ಅಣ್ಣ ದೀಕ್ಷಿತಾಳ ಕಣ್ಣ ಮುಂದೆ ಬಂದ. ತೊಗಟೆಯ ಫಲಿತಾಂಶವನ್ನು ಅವಳು ಯಾರಿಗೂ ತೋರಿಸಲಿಲ್ಲ. ಹುಡುಗಿ ತಪ್ಪೊಪ್ಪಿಕೊಂಡಳು, ನಿಷೇಧ ಬಿತ್ತು, ಪೇಪರಿನಲ್ಲಿ ಹೆಸರು ಬಂತು.

ಪೇಪರಿನಲ್ಲಿ ಬಂದ ಮೇಲೆ ದಕ್ಕೆಯಲ್ಲಿ ಬಾಯಿಗೆ ಬೀಗವುಂಟೇ? ಯಾದವ ತಂಗಿಯನ್ನು ಬೋಳೂರಿಗೆ ಕರೆಸಿ, ಅವಳನ್ನೂ ಮಗಳನ್ನೂ ಎದುರಿಗೆ ಕೂರಿಸಿಕೊಂಡ. ಗೋಡೆಯ ಮೇಲೆ ಹರಿಣಾಕ್ಷಿಯ ಫೋಟೊ, ಬೆಳಿಗ್ಗೆ ಹಾಕಿದ ಮಾಲೆ. ಮೋಕ್ಷಾ, ತಾನೇ ತಗೊಂಡದ್ದು, ಗೊತ್ತಿದ್ದೇ ತಗೊಂಡದ್ದು ಎಂದಳು. ಯಾದವ ಅವಳ ಕಡೆ ತಿರುಗಲೂ ಇಲ್ಲ.

"ಇವಳ ಮಾತು ನನಗೆ ಬೇಡ. ದೀಕ್ಷಿತಾ, ನೀನು ಇದನ್ನೇ ಕಲಿತವಳು. ನೀನು ಎಂತ ಹೇಳ್ತೀಯೋ ಅದು ನನಗೆ ಸತ್ಯ. ನನ್ನ ಮಗಳು ಕಳ್ಳಿಯಾ?"

ಕಳ್ಳರಲ್ಲದವರನ್ನು ಬಿಡಿಸಲಿಕ್ಕೆಂದೇ ಇಷ್ಟು ವರ್ಷ ಸವೆಸಿದವಳು ಅಣ್ಣನ ಮುಖ ನೋಡಿದಳು. ಮಗಳು ನಿರ್ದೋಷಿ ಎಂದು ಅವಳು ಒಂದು ಮಾತು ಹೇಳಲಿ ಎಂದು ಆ ಮುಖ ಕಾಯುತ್ತಿತ್ತು.

"ಹೌದಣ್ಣ," ಎಂದಳು.

ಯಾದವ ಫೋಟೊದ ಕಡೆ ತಿರುಗಿದ. ಅದಕ್ಕೇ ಹೇಳುವಂತೆ ಹೇಳಿದ: "ನೀನು ಪುಣ್ಯವಂತೆ ಮಾರಾಯ್ತಿ. ನನ್ನ ಕೈಯ ಮದ್ದು ಕುಡಿದು ಹೋದೆ. ಮಗಳ ಮದ್ದಿನ ಸುದ್ದಿ ಕೇಳ್ಲಿಕ್ಕೆ ಉಳೀಲಿಲ್ಲ."

ಮೋಕ್ಷಾ ಎದ್ದು ಒಳಗೆ ಹೋದಳು. ಅತ್ತಾಳು ಎಂದು ದೀಕ್ಷಿತಾ ಕಿವಿಗೊಟ್ಟಳು, ಕೇಳಿಸಿದ್ದು ಪಾತ್ರೆಯ ಸದ್ದು. ಹುಡುಗಿ ಅನ್ನ, ಬಂಗುಡೆ ಗಸಿ ಬಡಿಸಿಕೊಂಡು ಬಂದು ಅಪ್ಪನ ಮುಂದಿಟ್ಟಳು. ತಾಯಿ ಹೋದ ಮೇಲೆ ಆ ಮನೆಯ ಅಡುಗೆ ಅವಳದ್ದೇ.

ಯಾದವ ತಟ್ಟೆಯನ್ನು ತಂಗಿಯ ಕಡೆ ಸರಿಸಿದ. ನಾಳೆಯಿಂದ ತನ್ನ ಗಂಜಿ ತಾನೇ ಬೇಯಿಸಿಕೊಳ್ಳುತ್ತೇನೆ ಎಂದ. "ಇವಳ ಕೈಯಿಂದ ಹೊಟ್ಟೆಗೆ ಎಂತ ಹೋಗ್ತದೋ, ಯಾರಿಗೆ ಗೊತ್ತು."

ಮೋಕ್ಷಾ ಅಲ್ಲೇ ನಿಂತಿದ್ದಳು. ದೀಕ್ಷಿತಾ ತಟ್ಟೆಯನ್ನು ಹತ್ತಿರ ಎಳೆದುಕೊಂಡು, ಅನ್ನ ಕಲಸಿ, ಅಣ್ಣ ನೋಡುತ್ತಿದ್ದಂತೆ ಒಂದು ಅಗುಳೂ ಬಿಡದೆ ಉಂಡಳು.