ಭಾವನ ಎರಡು ಸಾವಿರ ವಾಕ್ಯಗಳು

ಲ್ಯಾಪ್‌ಟಾಪ್ ಅಂಗಡಿಗಳ ಬಗ್ಗೆ ನನಗಿರುವಷ್ಟು ಅಭಿಪ್ರಾಯ ಬಹುಶಃ ಅಂಗಡಿಯವರಿಗೂ ಇಲ್ಲ. ಯಾವ ಮಾದರಿಯ ಕೀಬೋರ್ಡು ಆರು ತಿಂಗಳಿಗೆ ಸವೆಯುತ್ತದೆ, ಯಾವ ಸೇಲ್ಸ್‌ನವನು ಹಳೆಯ ಸರಕನ್ನು ಹೊಸದೆಂದು ದಾಟಿಸುತ್ತಾನೆ, ಎಲ್ಲ ನನಗೆ ಬಾಯಿಪಾಠ. ನನ್ನನ್ನು ಕೇಳದೆ ನಮ್ಮ ನೆಂಟರಲ್ಲಿ ಯಾರೂ ಒಂದು ಚಾರ್ಜರ್ ಕೂಡ ಕೊಳ್ಳುವುದಿಲ್ಲ. ಮನೆಯಲ್ಲಿ ನನ್ನ ಹೆಸರೇ ಪಂಡಿತ. ಆ ಹೆಸರಿಟ್ಟವರು ಅಕ್ಕನ ಗಂಡ, ನನ್ನ ಭಾವ.

ಭಾವ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ವೇಳೆ ಹೇಳುತ್ತಿದ್ದರು. ಮನೆಯಲ್ಲೂ ಅದೇ ಗತ್ತು. ಊಟದ ಬಸ್ಸು ಅರ್ಧ ಗಂಟೆ ತಡ ಎಂದು ಅಡುಗೆಮನೆಗೆ ಕೇಳುವಂತೆ ಪ್ರಕಟಣೆ ಹೊರಡಿಸಿ ಅಕ್ಕನಿಂದ ಬೈಸಿಕೊಳ್ಳುತ್ತಿದ್ದರು. ಗಂಟಲಲ್ಲಿ ಗಡ್ಡೆಯಿದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ಡಾಕ್ಟರು ಹೇಳಿದ ದಿನ ಮಾತ್ರ ಮನೆಗೆ ಬಂದು ತಾವೇ ಬಡಿಸಿಕೊಂಡು ಉಂಡರು.

ಉಪಾಯ ಹೇಳಿದ್ದು ನಾನೇ. ಆಪರೇಷನ್ನಿಗೆ ಮುಂಚೆ ಎರಡು ಸಾವಿರ ವಾಕ್ಯ ಓದಿ ರೆಕಾರ್ಡ್ ಮಾಡಿಟ್ಟರೆ, ಆಮೇಲೆ ಅವರು ಟೈಪ್ ಮಾಡಿದ್ದನ್ನು ಕಂಪ್ಯೂಟರು ಅವರದೇ ಧ್ವನಿಯಲ್ಲಿ ಹೇಳುತ್ತದೆ. ಮಲಗುವ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ ಹದಿನೆಂಟು ದಿನ ಓದಿದರು. ನೋವಾದಾಗ ಬಿಸಿನೀರು ಕುಡಿದು ಮತ್ತೆ ಶುರು. ಕೊನೆಯ ವಾಕ್ಯ ಮುಗಿಸಿ ಲ್ಯಾಪ್‌ಟಾಪಿನ ಮೇಲೆ ಕೈಯಿಟ್ಟು, "ಇದು ಹುಷಾರು ಕಣೋ ಪಂಡಿತ" ಅಂದರು. ನಾನಿದ್ದೇನಲ್ಲ ಅಂದೆ.

ಅವತ್ತೇ ಅದರ ಇನ್ನೊಂದು ಪ್ರತಿ ಮಾಡಬೇಕಿತ್ತು. ಅಕ್ಕ ಆನ್‌ಲೈನಿನಲ್ಲಿ ಇಟ್ಟರಾಗದೇ ಎಂದು ಕೇಳಿದಳು. ನಮ್ಮ ಮಾತು ಕಂಡವರ ಕಂಪ್ಯೂಟರಿನಲ್ಲಿ ಯಾಕಿರಬೇಕು ಎಂದು ಭಾಷಣ ಬಿಗಿದೆ. ಹೊರಗಿನ ಡಿಸ್ಕ್ ಕೊಳ್ಳಲು ಹೊರಟವನು, ಮುಂದಿನ ತಿಂಗಳು ಇನ್ನೂ ವೇಗದ ಮಾದರಿ ಬರುತ್ತದೆಂದು ಓದಿ ನಿಂತುಬಿಟ್ಟೆ. ಹತ್ತು ವಿಮರ್ಶೆ ನೋಡದೆ ಏನನ್ನೂ ಕೊಳ್ಳುವ ಜಾಯಮಾನ ನನ್ನದಲ್ಲ.

ಆಪರೇಷನ್ ಆಗಿ ಒಂಬತ್ತನೇ ದಿನ ಲ್ಯಾಪ್‌ಟಾಪ್ ಆನ್ ಆಗಲಿಲ್ಲ. ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ದೆ. ಕೌಂಟರಿನ ಹೆಂಗಸು ನನ್ನ ಫಾರಂ ನೋಡಿ, ಒಳಗೆ ಬೇಕಾದದ್ದೇನಾದರೂ ಇದೆಯೇ ಎಂದು ಕೇಳಿದಳು. ಇದೆ ಅಂದೆ. ಅವಳು ಹಿಂದೆ ತಿರುಗಿ ಮ್ಯಾನೇಜರಿನ ಕೋಣೆ ನೋಡಿ ದನಿ ತಗ್ಗಿಸಿದಳು.

"ಹಾಗಾದ್ರೆ ಇಲ್ಲಿ ಕೊಡ್ಬೇಡಿ ಸರ್. ಇಲ್ಲಿ ರಿಪೇರಿ ಮಾಡಲ್ಲ, ಒಳಗಿನ ಡಿಸ್ಕನ್ನೇ ಬದಲಾಯಿಸ್ತಾರೆ. ಹಿಂದಿನ ಗಲ್ಲೀಲಿ ಒಬ್ರಿದ್ದಾರೆ, ಮೊದ್ಲು ಅವ್ರ ಹತ್ರ ಕಾಪಿ ತೆಗೆಸ್ಕೊಳ್ಳಿ."

ನನಗೆ ನಖಶಿಖಾಂತ ಉರಿಯಿತು. ಹೊರಗೆ ಬಿಚ್ಚಿಸಿದರೆ ವಾರಂಟಿ ಹೋಗುವುದಿಲ್ಲವೇ, ಗಲ್ಲಿಯವನಿಂದ ನಿನಗೆಷ್ಟು ಕಮಿಷನ್ ಎಂದು ನಾಲ್ಕು ಜನರ ಎದುರಿಗೇ ಕೇಳಿದೆ. ಅವಳು ಮುಖ ಕೆಳಗೆ ಹಾಕಿ ಫಾರಂ ತಳ್ಳಿದಳು. ಡೇಟಾ ಹೋದರೆ ಕಂಪನಿ ಹೊಣೆಯಲ್ಲ ಎಂಬ ಸಾಲಿನ ಮುಂದೆ ನಾನೇ ಟಿಕ್ ಹಾಕಿದೆ. ಓದದೆ ಸಹಿ ಮಾಡಬೇಡಿ ಎಂದು ಊರಿಗೆಲ್ಲ ಹೇಳುವವನು ನಾನು.

ಐದನೇ ದಿನ ಲ್ಯಾಪ್‌ಟಾಪ್ ಒರೆಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟರು. ಆನ್ ಮಾಡಿದರೆ, ಈಗಷ್ಟೇ ಕೊಂಡು ತಂದದ್ದರ ಹಾಗೆ, ಯಾವ ಭಾಷೆ ಬೇಕು ಎಂದು ಕೇಳಿತು. ಹಳೆಯ ಡಿಸ್ಕ್ ಕಾರ್ಖಾನೆಗೆ ಹೋಗಿ ಪುಡಿಯಾಗಿತ್ತು. ಮೊಬೈಲುಗಳಲ್ಲಿದ್ದ ಎರಡು ಮೂರು ತುಣುಕುಗಳಲ್ಲಿ ಭಾವನ ಮಾತಿಗಿಂತ ಸುತ್ತಲಿನ ಗಲಾಟೆಯೇ ಹೆಚ್ಚು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಆ ವೇಗದ ಡಿಸ್ಕನ್ನು ಆಮೇಲೆ ಕೊಂಡೆ. ಇಡಲು ಏನೂ ಇರಲಿಲ್ಲ.

ವಿಷಯ ಹೇಳಿದಾಗ ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಭಾವ ಲ್ಯಾಪ್‌ಟಾಪ್ ಎಳೆದುಕೊಂಡು, ಕಂಪನಿ ಕೊಟ್ಟ ನಾಲ್ಕು ಧ್ವನಿಗಳಲ್ಲಿ ಒಂದನ್ನು ಆರಿಸಿ, ಒಂದೇ ಬೆರಳಿನಲ್ಲಿ ನಿಧಾನವಾಗಿ ಟೈಪ್ ಮಾಡಿದರು. ಯಾರೋ ವಾರ್ತೆ ಓದುವವನ ಹಾಗೆ ಯಂತ್ರ ಹೇಳಿತು: "ನೀನು ಒಳ್ಳೆಯದಕ್ಕೇ ಮಾಡಿದ್ದು. ಬಿಡು."

ಅಕ್ಕ ಎದ್ದು ಅದರ ಮುಚ್ಚಳ ಮುಚ್ಚಿದಳು.

"ಇದು ಬೇಡ ಕಣ್ರೀ. ನೀವು ಬರೆದು ಕೊಡಿ, ನಾನು ಓದ್ಕೋತೀನಿ. ಓದೋವಾಗ ನಂಗೆ ನಿಮ್ ದನೀಲೇ ಕೇಳ್ಸುತ್ತೆ."

ಭಾವ ಒಂದು ಚೀಟಿಯಲ್ಲಿ ಏನೋ ಬರೆದು ಅವಳಿಗೆ ಕೊಟ್ಟರು. ಅವಳು ಓದಿ ನನ್ನ ಕೈಗಿಟ್ಟಳು. ಪಂಡಿತನಿಗೆ ಊಟ ಹಾಕು ಎಂದಿತ್ತು. ಎರಡು ಮೂರು ಸಲ ಓದಿದೆ. ನನಗೆ ಯಾರ ದನಿಯೂ ಕೇಳಿಸಲಿಲ್ಲ.