ಹಾರದ ಎರಡು ಗುಂಡು

ನನ್ನ ರಿವಾಲ್ವರ್ ಕೈಕೊಟ್ಟಿತು. ಇಂಥದ್ದನ್ನು ಮುಚ್ಚಿಡುವ ಹೆಂಗಸು ನಾನಲ್ಲ. ಆದರೂ ಮೂರು ತಿಂಗಳು ಮುಚ್ಚಿಟ್ಟಿದ್ದೆ. ಆ ನಾಚಿಕೆ ಇನ್ನೂ ಇದೆ.

ನಾನು ಗುರುಬಸಮ್ಮ. ಹಗರಿಬೊಮ್ಮನಹಳ್ಳಿಯಲ್ಲಿ ಶೇಂಗಾ ಎಣ್ಣೆಯ ಮಿಲ್ಲು ನಡೆಸುತ್ತೇನೆ, ತಂಬ್ರಹಳ್ಳಿ ಹಾದಿಯಲ್ಲಿ ಹೊಲವಿದೆ. ಹೊಲದ ಹಿಂದಿನ ಗುಡ್ಡವನ್ನು ಬೀರಲಿಂಗೇಶ್ ಎಂಬಾತ ಪರವಾನಗಿ ಇಲ್ಲದೆ ಅಗೆದು ಮೊರಂ ಮಣ್ಣು ಸಾಗಿಸುತ್ತಿದ್ದ. ದೂರು ಕೊಟ್ಟೆ. ಒಂದು ಮಧ್ಯಾಹ್ನ ಆತ ಟ್ರ್ಯಾಕ್ಟರ್ ಅಡ್ಡ ಹಾಕಿ ನನ್ನ ಓಮ್ನಿ ನಿಲ್ಲಿಸಿದ. ಕಬ್ಬಿಣದ ರಾಡಿನಿಂದ ಮುಂದಿನ ಗಾಜು ಒಡೆದು, ಮತ್ತೆ ರಾಡನ್ನು ನನ್ನ ತಲೆಯ ಮೇಲೆತ್ತಿದ. ನಾನು ಕೈಚೀಲದಿಂದ ರಿವಾಲ್ವರ್ ತೆಗೆದು ಅವನ ಎದೆಗೆ ಹಿಡಿದೆ. ಟ್ರಿಗರ್ ಒತ್ತಿದೆ, ಮತ್ತೊಮ್ಮೆ ಒತ್ತಿದೆ. ಟಿಕ್ ಎಂದಿತೇ ಹೊರತು ಗುಂಡು ಹಾರಲಿಲ್ಲ. ಟ್ರ್ಯಾಕ್ಟರಿನ ಗದ್ದಲದಲ್ಲಿ ಆ ಸದ್ದು ನನಗೊಬ್ಬಳಿಗೇ ಕೇಳಿಸಿತು. ಅಷ್ಟರಲ್ಲಿ ಹಿಂದಿನಿಂದ ಬಸ್ಸು ಬಂತು, ಆತ ರಾಡು ಇಳಿಸಿ ಹೊರಟುಹೋದ.

ಮರುದಿನದಿಂದ ಊರ ತುಂಬ ಒಂದೇ ಮಾತು. ಮುದುಕಿ ಗನ್ನು ತೆಗೆದಳು, ಒತ್ತುವ ಧೈರ್ಯ ಸಾಲಲಿಲ್ಲ ಎಂದು ಬೀರಲಿಂಗೇಶ್ ಚಹಾದಂಗಡಿಗಳಲ್ಲಿ ಹೇಳಿ ನಕ್ಕನಂತೆ. ಮಿಲ್ಲಿಗೆ ಬರುವವರೂ ನನ್ನೆದುರು ನಗು ತಡೆದು ತುಟಿ ಬಿಗಿಹಿಡಿದು ನಿಲ್ಲುತ್ತಿದ್ದರು. ಮೈ ಉರಿಯುತ್ತಿತ್ತು.

ಕೂಡ್ಲಿಗಿಯಲ್ಲಿ ಬಂದೂಕು ರಿಪೇರಿಯ ಲೈಸೆನ್ಸ್ ಇರುವವನು ಮೌಲಾಹುಸೇನ. ನನ್ನ ಗಂಡ ಇದ್ದಾಗಿನಿಂದ ಪರಿಚಯ. ರಿವಾಲ್ವರನ್ನು ಅವನ ಮುಂದಿಟ್ಟೆ. ಬಿಚ್ಚಿ, ಒಳಗಿನಿಂದ ಕಡ್ಡಿಯಲ್ಲಿ ಕೆರೆದು ಕಾಗದದ ಮೇಲೆ ಉದುರಿಸಿದ. ಬೂದುಗೆಂಪು ಬಣ್ಣದ ಗಟ್ಟಿ ಹಿಟ್ಟು. ಗಂಡ ಸತ್ತು ಲೈಸೆನ್ಸ್ ನನ್ನ ಹೆಸರಿಗೆ ಬಂದ ಮೇಲೆ ಏಳು ಆಯುಧಪೂಜೆ ಆಗಿದ್ದವು. ಪ್ರತಿ ವರ್ಷ ವಿಭೂತಿ ಬಳಿದು, ಕುಂಕುಮ ಹಚ್ಚಿ, ಹೊಳೆಯಲೆಂದು ನಮ್ಮ ಮಿಲ್ಲಿನ ಎಣ್ಣೆಯನ್ನೇ ಸವರಿದ್ದೆ. ಎಲ್ಲ ಒಳಗಿಳಿದು ಅಂಟಾಗಿ ಕೂತಿತ್ತು.

"ಅಕ್ಕಾರ, ನೀವು ಇದನ್ನ ಪೂಜಾ ಮಾಡೀರಿ, ಸ್ವಚ್ಛ ಮಾಡಿಲ್ಲ," ಎಂದ.

ಸಣ್ಣ ರಿವಾಲ್ವರಿನೊಳಗೆ ಜಾಗ ಕಡಿಮೆ, ಚಿಟಿಕೆ ಕಸ ಸೇರಿದರೂ ಗುಂಡಿನ ಹಿಂಬದಿಗೆ ಬಡಿಯುವ ಸುತ್ತಿಗೆಯ ಏಟು ಮೆತ್ತಗಾಗುತ್ತದೆ ಎಂದು ವಿವರಿಸಿದ. ಕೈಚೀಲದಲ್ಲಿ ಚಿಲ್ಲರೆ, ಎಲೆಅಡಿಕೆಯ ಜೊತೆ ಇಟ್ಟುಕೊಂಡು ತಿರುಗಿದ್ದಕ್ಕೂ ಬೈದ. ಆಮೇಲೆ ಎರಡು ಗುಂಡುಗಳನ್ನು ಬೆಳಕಿಗೆ ಹಿಡಿದು ಅವುಗಳ ಹಿಂಬದಿ ತೋರಿಸಿದ. ಎರಡರ ಮೇಲೂ ಸೂಜಿ ಚುಚ್ಚಿದಷ್ಟು ಸಣ್ಣ ತಗ್ಗು, ಸುತ್ತಿಗೆ ಬಡಿದ ಗುರುತು. ಅವನಿಗೆ ಎಲ್ಲ ಅರ್ಥವಾಗಿತ್ತು. ಇಂಥ ಯಂತ್ರ ಒಂದನ್ನೇ ನಂಬಬಾರದು, ಇನ್ನೊಂದನ್ನೂ ಜೊತೆಗಿಟ್ಟುಕೊಳ್ಳಿ ಎಂದಷ್ಟೇ ಹೇಳಿದ. ನಾನು ಹೊಸಪೇಟೆಗೆ ಹೋಗಿ ಜಿಲ್ಲಾಧಿಕಾರಿ ಕಚೇರಿಯಲ್ಲಿ ಎರಡನೆಯದಕ್ಕೆ ಅರ್ಜಿ ಹಾಕಿದೆ.

ಗಾಜು ಒಡೆದು ರಾಡು ಎತ್ತಿದ್ದಕ್ಕೆ ಬೀರಲಿಂಗೇಶನ ಮೇಲೆ ನಾನು ಹಾಕಿದ್ದ ಕೇಸಿನಲ್ಲಿ ಸಾಕ್ಷಿ ಹೇಳುವ ದಿನ ಹತ್ತಿರ ಬಂದಾಗ ತಂಗಿಯ ಮಗ ಪ್ರವೀಣಕುಮಾರನಿಗೆ ನಿಜ ಹೇಳಿದೆ. ಅವನು ವಕೀಲ. ಕೇಳಿ ಬಿಳಿಚಿಕೊಂಡ. ಕೊಲೆಯತ್ನ ಎಂದು ನನ್ನ ಮೇಲೆಯೇ ಕೇಸು ತಿರುಗಿಸುತ್ತಾರೆ, ಇರುವ ಲೈಸೆನ್ಸ್ ಹೋಗುತ್ತದೆ, ಎರಡನೆಯದಂತೂ ಕನಸು ಎಂದ.

"ದೊಡ್ಡಮ್ಮ, ಒತ್ತಲಿಲ್ಲ ಅಂತನ ಹೇಳು. ಜೀವ ತೆಗಿಯಾಕ ಮನಸ್ಸಾಗಲಿಲ್ಲ ಅನ್ನು. ಕೋರ್ಟಿಗೂ ಹಿಡಿಸ್ತೈತಿ."

ಹಿಡಿಸುತ್ತದೆ, ಗೊತ್ತು. ಕರುಣೆಯ ತಾಯಿ ಎಂದು ಎಲ್ಲರೂ ಹೊಗಳುತ್ತಾರೆ. ರಾಡು ತಲೆಯ ಮೇಲಿದ್ದಾಗ ನನ್ನಲ್ಲಿ ಕರುಣೆಯ ಹನಿಯೂ ಇರಲಿಲ್ಲ, ಬದುಕಬೇಕಿತ್ತು ಅಷ್ಟೆ. ಆದರೂ ಅವನಿಗೆ ಹೂಂ ಎಂದೆ. ಹೆದರಿದ್ದೆ.

ಸಾಕ್ಷಿಯ ದಿನ ಬೆಳಿಗ್ಗೆ, ಕೋರ್ಟಿನೊಳಗೆ ಒಯ್ಯುವಂತಿಲ್ಲವೆಂದು ರಿವಾಲ್ವರನ್ನು ಪೊಲೀಸ್ ಠಾಣೆಯಲ್ಲಿಟ್ಟು ಹೋದೆ. ಬೀರಲಿಂಗೇಶನ ವಕೀಲರು ಮೆಲ್ಲಗೆ ಮಾತು ಬೆಳೆಸಿದರು. ರಾಡು ಎತ್ತಿದ್ದೇ ಸುಳ್ಳು, ಬರೀ ಬಾಯಿಜಗಳ ಎಂದರು. ಜೀವಭಯ ಇದ್ದವರ ಕೈಯಲ್ಲಿ ಆರು ಗುಂಡು ತುಂಬಿದ ರಿವಾಲ್ವರ್ ಇದ್ದರೆ ಸುಮ್ಮನೆ ಹಿಡಿದು ನಿಲ್ಲುತ್ತಾರೆಯೇ ಎಂದು ಕೇಳಿದರು. ಹಿಂದೆ ಬೀರಲಿಂಗೇಶ್ ಕಿಸಕ್ಕನೆ ನಕ್ಕ. ಪ್ರವೀಣಕುಮಾರ ನನ್ನನ್ನೇ ನೋಡುತ್ತಿದ್ದ. ಕಲಿಸಿದ ಮಾತು ನಾಲಿಗೆಯ ತುದಿಯಲ್ಲಿತ್ತು. ಅದನ್ನು ಆಡಿದರೆ ರಾಡು ಎತ್ತಿದ್ದೂ ಸುಳ್ಳಾಗುತ್ತದೆ ಎಂದು ಆಗ ಹೊಳೆಯಿತು.

"ಸುಮ್ಮನ ನಿಂತಿರಲಿಲ್ರಿ. ಒತ್ತೀನಿ. ಎರಡು ಸಲ ಒತ್ತೀನಿ. ಗುಂಡು ಹಾರಲಿಲ್ಲ. ಹಾರಿದ್ರ ಈತ ಇವತ್ತು ಇಲ್ಲಿ ನಗತಿರಲಿಲ್ಲ."

ಹೇಳುವುದರ ಪರಿಣಾಮ ಗೊತ್ತೇ ಎಂದು ನ್ಯಾಯಾಧೀಶರು ಕೇಳಿದರು. ಗೊತ್ತಿದೆ, ಹಾಗೆಯೇ ಬರೆಸಿಕೊಳ್ಳಿ ಎಂದೆ. ಗುರುತಿರುವ ಗುಂಡುಗಳು ಎಲ್ಲಿವೆ, ಯಾರು ನೋಡಿದ್ದಾರೆ ಎಂಬುದನ್ನೂ ಹೇಳಿದೆ. ಬೆರಳಚ್ಚಿನ ಹುಡುಗಿ ಒಂದು ಗಳಿಗೆ ನನ್ನ ಮುಖ ನೋಡಿ, ಮತ್ತೆ ಟೈಪು ಮಾಡಿದಳು.

ಹೊರಗೆ ಬರುವಷ್ಟರಲ್ಲಿ, ಕೋರ್ಟಿಗೆ ಬಂದಿದ್ದ ಠಾಣೆಯವರು ರಿವಾಲ್ವರ್ ಇನ್ನು ತಮ್ಮಲ್ಲೇ ಇರಲಿ ಎಂದರು. ಪ್ರವೀಣಕುಮಾರ ಸಿಟ್ಟಿನಿಂದ ಮುಂದೆ ನಡೆದುಬಿಟ್ಟಿದ್ದ. ಮೆಟ್ಟಿಲ ಮೇಲೆ ಬೀರಲಿಂಗೇಶ್ ತನ್ನವರ ನಡುವೆ ಹಾದಿಗೆ ಅಡ್ಡವಾಗಿ ನಿಂತಿದ್ದ. ನಾನು ಬರಿಗೈಯಲ್ಲಿ ಅವನೆದುರು ಹೋಗಿ ನಿಂತೆ.

"ಖರೇನ ಒತ್ತಿದ್ರೇನ್ರಿ?" ಎಂದ. ಧ್ವನಿ ಸಣ್ಣಗಿತ್ತು. ಅಲ್ಲಿಯವರೆಗೆ ಆತ ನನಗೆ ರೀ ಹಚ್ಚಿ ಮಾತಾಡಿದ್ದಿಲ್ಲ.

"ಮೂರನೇದ್ದೂ ಒತ್ತತಿದ್ದೆ. ಬಸ್ಸು ಬಂತು," ಎಂದೆ.

ಆತ ಪಕ್ಕಕ್ಕೆ ಸರಿದ. ನಾನು ಮೆಟ್ಟಿಲ ನಟ್ಟನಡುವೆಯೇ ಇಳಿದು ಹೋದೆ.